ಫುಟ್‌ಬಾಲ್ ಗೇಮ್‌ಗಳಲ್ಲಿ ಕಾಲಿಗಿರುವ ಬೆಲೆ ತಲೆಗೇಕಿಲ್ಲ?

ಮಾನ್ಯ ಸಂಪಾದಕರೇ,

ಫುಟ್‌ಬಾಲ್ ವಿಡಿಯೊ ಗೇಮ್‌ಗಳ ಬಗ್ಗೆ ತಮ್ಮ ಕ್ರೀಡಾ ಪುಟದಲ್ಲಿ ಇತ್ತೀಚೆಗೆ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಕ್ರಿಕೆಟ್ಟಿನ ಗದ್ದಲದ ನಡುವೆ ಈ ವಿಷಯಕ್ಕೆ ಜಾಗ ಸಿಕ್ಕಿದ್ದೇ ಸಂತೋಷ. ಆದರೆ ಎತ್ತರ, ತೂಕ, ವೇಗ ಹೆಚ್ಚಿರುವ ಆಟಗಾರರನ್ನು ಆರಿಸಿಕೊಂಡರೆ ಈ ಆಟಗಳಲ್ಲಿ ಗೆದ್ದಂತೆಯೇ ಎಂಬ ಅರ್ಥದ ಮಾತು ಅದರಲ್ಲಿತ್ತು. ಅದು ಅರ್ಧ ಮಾತ್ರ ನಿಜ. ಎತ್ತರ ಮತ್ತು ತೂಕ ತಾವಾಗಿಯೇ ಮಾಡುವ ಕೆಲಸ ತೀರ ಕಡಿಮೆ. ವೇಗಕ್ಕೆ ಬೆಲೆಯಿರುವುದು ನಿಜವಾದರೂ ಅದು ಯಾವ ವೇಗ ಎಂಬುದನ್ನು ಲೇಖನ ಹೇಳಲಿಲ್ಲ. ದೇಹಕ್ಕೆ ಈ ಆಟಗಳಲ್ಲಿ ಇಷ್ಟೊಂದು ಮಹತ್ವ ಬಂದಿರುವುದಕ್ಕೆ ಕಾರಣ ಫುಟ್‌ಬಾಲ್ ಅಲ್ಲ, ಕಂಪ್ಯೂಟರ್ ಲೆಕ್ಕ ಹಾಕುವ ಬಗೆ ಎಂಬುದಂತೂ ಪ್ರಸ್ತಾಪಕ್ಕೇ ಬರಲಿಲ್ಲ. ದೈಹಿಕ ಶಿಕ್ಷಣ ಶಿಕ್ಷಕನಾದ ನನ್ನ ಬಳಿ ಬರುವ ಮಕ್ಕಳಲ್ಲಿ ಹಲವರು ಫುಟ್‌ಬಾಲನ್ನು ಮೈದಾನಕ್ಕಿಂತ ಮೊದಲು ಮೊಬೈಲಿನಲ್ಲಿ ಕಲಿತವರು. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಇಂಥದೊಂದು ಆಟ ಪದಕದ ಸ್ಪರ್ಧೆಯೂ ಆಗಿತ್ತು. ಆದ್ದರಿಂದ ಪತ್ರ ಸ್ವಲ್ಪ ಉದ್ದವಾದರೆ ಮನ್ನಿಸಬೇಕು.

ಮೊದಲಿಗೆ, ಈ ಆಟಗಳಲ್ಲಿ ಎರಡು ಬಗೆ ಇವೆ. 2022ರವರೆಗೆ ಫಿಫಾ ಹೆಸರಿನಲ್ಲಿ ಬಂದು 2023ರಿಂದ ಇಎ ಸ್ಪೋರ್ಟ್ಸ್ ಎಫ್‌ಸಿ (ಇಎ ಎಂದರೆ ತಯಾರಕ ಸಂಸ್ಥೆ ಎಲೆಕ್ಟ್ರಾನಿಕ್ ಆರ್ಟ್ಸ್) ಎಂದು ಕರೆಸಿಕೊಳ್ಳುತ್ತಿರುವ ಆಟ ಮತ್ತು ಕೊನಾಮಿ ಕಂಪನಿಯ ಇ-ಫುಟ್‌ಬಾಲ್ ಒಂದು ಬಗೆ. ಇವುಗಳಲ್ಲಿ ಆಟಗಾರನನ್ನು ನಾವೇ ಕೈಯಾರೆ ಓಡಿಸುತ್ತೇವೆ. ಲಂಡನ್ನಿನ ಸ್ಪೋರ್ಟ್ಸ್ ಇಂಟರ್‌ಆ್ಯಕ್ಟಿವ್ ಸಂಸ್ಥೆಯ ಫುಟ್‌ಬಾಲ್ ಮ್ಯಾನೇಜರ್ ಇನ್ನೊಂದು ಬಗೆ. ಅಲ್ಲಿ ನಾವು ತರಬೇತುದಾರರು. ತಂಡ ಕಟ್ಟಿ, ತಂತ್ರ ಹೇಳಿಕೊಟ್ಟು, ಗೆರೆಯಾಚೆ ನಿಂತು ನೋಡುವುದಷ್ಟೇ ನಮ್ಮ ಪಾಲಿನದು. ಮೊದಲ ಬಗೆಯಲ್ಲಿ ಪ್ರತಿ ಗುಣಕ್ಕೂ 99ರವರೆಗೆ ಅಂಕವಿದ್ದರೆ ಎರಡನೆಯದರಲ್ಲಿ 1ರಿಂದ 20ರವರೆಗೆ. ಫುಟ್‌ಬಾಲ್ ಮ್ಯಾನೇಜರ್ ದೈಹಿಕ ಗುಣಗಳನ್ನು ಎಂಟಾಗಿ ವಿಂಗಡಿಸುತ್ತದೆ: ವೇಗೋತ್ಕರ್ಷ, ಗರಿಷ್ಠ ವೇಗ, ಚುರುಕುತನ, ಸಮತೋಲನ, ಜಂಪಿಂಗ್ ರೀಚ್, ದೇಹಬಲ, ಸ್ಟ್ಯಾಮಿನಾ ಮತ್ತು ಸಹಜ ಫಿಟ್ನೆಸ್. ಇಎ ಆಟದ ವಿಂಗಡಣೆಯೇ ಬೇರೆ. ಅಲ್ಲಿ ಚುರುಕುತನ ಮತ್ತು ಸಮತೋಲನ ಡ್ರಿಬ್ಲಿಂಗ್ ವಿಭಾಗಕ್ಕೆ ಸೇರಿವೆ; ಆಕ್ರಮಣಶೀಲತೆ ಮಾತ್ರ ಜಿಗಿತ, ಸ್ಟ್ಯಾಮಿನಾ, ದೇಹಬಲಗಳ ಜೊತೆ ದೈಹಿಕ ವಿಭಾಗದಲ್ಲಿದೆ. ಫುಟ್‌ಬಾಲ್ ಮ್ಯಾನೇಜರ್ ಅದೇ ಗುಣವನ್ನು ಮಾನಸಿಕ ಎನ್ನುತ್ತದೆ. ಇಎ ಆಟದಲ್ಲಿ ಪ್ರತಿ ಆಟಗಾರನಿಗೂ ಇರುವ ಅಂಕಗಳ ಕಾರ್ಡಿನ ಮೇಲೆ ದೊಡ್ಡದಾಗಿ ಅಚ್ಚಾಗಿರುವ 'ಫಿಜಿಕಲ್' ಅಂಕವನ್ನು ನೋಡಿ ಈತ ಗಟ್ಟಿಮುಟ್ಟಾದ ಆಳು ಎಂದುಕೊಳ್ಳುವ ಹುಡುಗನಿಗೆ, ಆ ಅಂಕದಲ್ಲಿ ಆಟಗಾರನ ಆಕ್ರಮಣಶೀಲತೆಯ ಪಾಲೂ ಇದೆಯೆಂದು ಯಾರೂ ಹೇಳಿರುವುದಿಲ್ಲ.

ಇನ್ನು ವೇಗದ ಮಾತು. ಇಎ ಕಾರ್ಡುಗಳ ಮೇಲೆ ಕಾಣುವ 'ಪೇಸ್' ಎಂಬ ಅಂಕ ಎರಡು ಬೇರೆ ಬೇರೆ ಗುಣಗಳನ್ನು ಬೆರೆಸಿ ತೆಗೆದದ್ದು: ನಿಂತಲ್ಲಿಂದ ಎಷ್ಟು ಬೇಗ ವೇಗ ಪಡೆಯುತ್ತಾನೆ ಎಂಬುದು ಒಂದು, ವೇಗ ಪಡೆದ ಮೇಲೆ ಎಷ್ಟು ಜೋರಾಗಿ ಓಡಬಲ್ಲ ಎಂಬುದು ಇನ್ನೊಂದು. ಒಂದೇ ಪೇಸ್ ಅಂಕವಿರುವ ಇಬ್ಬರು ಮೈದಾನದಲ್ಲಿ ಒಂದೇ ಥರ ಆಡುವುದಿಲ್ಲವೇಕೆ ಎಂಬುದನ್ನು ಶಾಲೆಯ ಭೌತಶಾಸ್ತ್ರದಿಂದಲೇ ಲೆಕ್ಕ ಹಾಕಬಹುದು. ಮೊದಲನೆಯ ಓಟಗಾರ ಸೆಕೆಂಡಿಗೆ ಸೆಕೆಂಡಿಗೆ 5 ಮೀಟರ್ ವೇಗೋತ್ಕರ್ಷದಿಂದ ಹೊರಟು ಸೆಕೆಂಡಿಗೆ 8.5 ಮೀಟರ್ ವೇಗ ಮುಟ್ಟಿ ಅದರಲ್ಲೇ ಓಡುತ್ತಾನೆ ಎನ್ನಿ. ಎರಡನೆಯವನ ವೇಗೋತ್ಕರ್ಷ 4 ಮಾತ್ರ, ಆದರೆ ಗರಿಷ್ಠ ವೇಗ 9.5. ಮೊದಲ 10 ಮೀಟರನ್ನು ಮೊದಲನೆಯವನು ಸುಮಾರು 2.03 ಸೆಕೆಂಡಿನಲ್ಲಿ ಮುಗಿಸಿದಾಗ ಎರಡನೆಯವನು ಇನ್ನೂ ಸುಮಾರು 1.8 ಮೀಟರ್ ಹಿಂದಿರುತ್ತಾನೆ. ಇಬ್ಬರೂ ಸಮನಾಗುವುದು ಸುಮಾರು 27 ಮೀಟರ್ ದಾಟುವಾಗ. 40 ಮೀಟರ್ ಮುಟ್ಟುವ ಹೊತ್ತಿಗೆ ಎರಡನೆಯವನು ಸುಮಾರು 1.3 ಮೀಟರ್ ಮುಂದಿರುತ್ತಾನೆ. ಮನುಷ್ಯ ನಿಜವಾಗಿ ಓಡುವಾಗ ವೇಗೋತ್ಕರ್ಷ ಇಷ್ಟು ಸಮನಾಗಿರುವುದಿಲ್ಲ. ಆದರೂ ಹೇಳಬೇಕಾದದ್ದು ಇದರಿಂದ ಸ್ಪಷ್ಟವಾಗುತ್ತದೆ. ಪಂದ್ಯವೊಂದರಲ್ಲಿ ಚೆಂಡಿಗಾಗಿ ನಡೆಯುವ ಪೈಪೋಟಿಗಳಲ್ಲಿ ಬಹುಪಾಲು ಐದು ಹತ್ತು ಹೆಜ್ಜೆಗಳಲ್ಲಿ ತೀರ್ಮಾನವಾಗುತ್ತವೆ. ಹೀಗಾಗಿ ಪೆನಾಲ್ಟಿ ಆವರಣದೊಳಗೆ ಡಿಫೆಂಡರ್‌ನನ್ನು ತಪ್ಪಿಸಬೇಕಾದ ಸ್ಟ್ರೈಕರ್‌ಗೆ ವೇಗೋತ್ಕರ್ಷ ಬೇಕು. ಎದುರಾಳಿಯ ಡಿಫೆನ್ಸ್ ಮುಂದೆ ಬಂದು ನಿಂತಾಗ ಹಿಂದಿನ ಖಾಲಿ ಜಾಗಕ್ಕೆ ನುಗ್ಗಬೇಕಾದ ವಿಂಗರ್‌ಗೆ ಗರಿಷ್ಠ ವೇಗ ಬೇಕು. ಕಾರ್ಡಿನ ಮೇಲಿನ ಒಂದೇ ಅಂಕ ಇದನ್ನು ಹೇಳುವುದಿಲ್ಲ.

ಈ ವ್ಯತ್ಯಾಸವನ್ನು ಎತ್ತಿ ತೋರಿಸಲು ಹೋಗಿ ಇಎ ಸಂಸ್ಥೆ ಫಿಫಾ 23ರಲ್ಲಿ ಪೇಚಿಗೆ ಸಿಲುಕಿದ್ದನ್ನು ಇಲ್ಲಿ ನೆನೆಯಬೇಕು. ಆ ಆವೃತ್ತಿಯಲ್ಲಿ ಓಟದ ಶೈಲಿಗಳನ್ನು ಮೂರಾಗಿ ವಿಂಗಡಿಸಲಾಯಿತು: ಥಟ್ಟನೆ ಸಿಡಿಯುವ 'ಎಕ್ಸ್‌ಪ್ಲೋಸಿವ್', ನಿಧಾನವಾಗಿ ಹೊರಟು ಉದ್ದ ಓಟದಲ್ಲಿ ಬಿರುಸಾಗುವ 'ಲೆಂಗ್ದಿ', ಇವೆರಡರ ನಡುವಿನ 'ಕಂಟ್ರೋಲ್ಡ್'. ಯಾರು ಯಾವ ಗುಂಪಿಗೆ ಸೇರಬೇಕೆಂಬುದನ್ನು ಆಟಗಾರನ ಎತ್ತರ, ಬಲ, ಚುರುಕುತನ, ವೇಗೋತ್ಕರ್ಷಗಳ ಲೆಕ್ಕಾಚಾರ ತೀರ್ಮಾನಿಸುತ್ತಿತ್ತು. ಕಲ್ಪನೆಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಲೆಂಗ್ದಿ ಶೈಲಿಯವರಿಗೆ ಲೆಕ್ಕ ಅತಿಯಾಗಿ ಒಲಿದು, ವರ್ಜಿಲ್ ವ್ಯಾನ್ ಡೈಕ್‌ರಂಥ ನೀಳಕಾಯದ ಡಿಫೆಂಡರ್‌ಗಳು ಕಾಗದದ ಮೇಲೆ ತಮಗಿಂತ ಎಷ್ಟೋ ವೇಗವಾಗಿದ್ದ ವಿಂಗರ್‌ಗಳನ್ನು ಬೆನ್ನಟ್ಟಿ ಹಿಡಿಯತೊಡಗಿದರು. ಆಡುವವರು ಇದನ್ನು ಕಂಡುಕೊಳ್ಳಲು ಹೆಚ್ಚು ಕಾಲ ಹಿಡಿಯಲಿಲ್ಲ. ಅಂಕಗಳನ್ನು ಆಚೀಚೆ ಸರಿಸಿ ತಮ್ಮ ಸ್ಟ್ರೈಕರ್‌ಗಳನ್ನೂ ಲೆಂಗ್ದಿ ಮಾಡಿಕೊಳ್ಳುವ ಉಪಾಯಗಳು ಕಾಡ್ಗಿಚ್ಚಿನಂತೆ ಹಬ್ಬಿದವು. ಮರುವರ್ಷದ ಆವೃತ್ತಿಯಲ್ಲಿ ಮೂರು ಶೈಲಿಗಳು ಏಳಾದವು. ನನ್ನ ಮಟ್ಟಿಗೆ ಇದೊಂದು ಒಳ್ಳೆಯ ಪಾಠ: ಅಲ್ಲಿ ಗೆದ್ದದ್ದು ವ್ಯಾನ್ ಡೈಕ್‌ರ ದೇಹವಲ್ಲ, ಆ ದೇಹಕ್ಕೆ ಆ ವರ್ಷ ಬರೆದ ಸೂತ್ರ.

ಎತ್ತರದ ವಿಷಯದಲ್ಲಿ ಲೇಖನದ ಮಾತು ಇನ್ನಷ್ಟು ಜಾರುತ್ತದೆ. ಫುಟ್‌ಬಾಲ್ ಮ್ಯಾನೇಜರ್‌ನಲ್ಲಿ ಆಟಗಾರನ ಪುಟದ ಮೇಲೆ ಎತ್ತರವೇನೋ ಕಾಣುತ್ತದೆ. ಆದರೆ ಗಾಳಿಯಲ್ಲಿ ಬಂದ ಚೆಂಡಿಗೆ ಇಬ್ಬರು ಜಿಗಿದಾಗ ಲೆಕ್ಕಕ್ಕೆ ಬರುವುದು ಜಂಪಿಂಗ್ ರೀಚ್, ಅಂದರೆ ಎತ್ತರವೂ ಜಿಗಿತವೂ ಸೇರಿ ತಲೆ ಎಷ್ಟು ಮೇಲೆ ಎಟುಕುತ್ತದೆ ಎಂಬ ಅಂಕ. ಅದರ ಮೇಲೆ ಹೆಡಿಂಗ್ ಕೌಶಲ, ಧೈರ್ಯ, ಚೆಂಡು ಎಲ್ಲಿ ಬೀಳುತ್ತದೆಂದು ಊಹಿಸುವ ಶಕ್ತಿಗಳ ಅಂಕಗಳೂ ಸೇರಿಕೊಳ್ಳುತ್ತವೆ. ಉದ್ದವಾಗಿದ್ದೂ ನೆಲ ಬಿಡದ ಡಿಫೆಂಡರ್‌ಗೆ ಇಲ್ಲಿ ವಿಶೇಷ ಲಾಭವಿಲ್ಲ. 2006ರಲ್ಲಿ ಇಟಲಿಯ ನಾಯಕನಾಗಿ ವಿಶ್ವಕಪ್ ಎತ್ತಿ, ಅದೇ ವರ್ಷ ಶ್ರೇಷ್ಠ ಆಟಗಾರನಿಗೆ ಸಲ್ಲುವ ಬ್ಯಾಲನ್ ಡಿ'ಓರ್ ಪ್ರಶಸ್ತಿ ಪಡೆದ ಫ್ಯಾಬಿಯೊ ಕನ್ನವಾರೊ ಅವರ ಎತ್ತರ ಸುಮಾರು 1.76 ಮೀಟರ್, ಡಿಫೆನ್ಸಿನ ನಡುವೆ ನಿಲ್ಲುವ ಸೆಂಟರ್ ಬ್ಯಾಕ್‌ಗೆ ಅದು ಗಿಡ್ಡವೇ. ಆದರೂ ಅವರ ಮೇಲಿಂದ ಚೆಂಡು ತಲೆಗೆ ತೆಗೆದುಕೊಳ್ಳುವುದು ಸುಲಭವಿರಲಿಲ್ಲ. ಇನ್ನೊಂದು ತುದಿಯಲ್ಲಿ, 2019ರ ಡಿಸೆಂಬರ್‌ನಲ್ಲಿ ಇಟಲಿಯ ಸ್ಯಾಂಪ್‌ಡೋರಿಯಾ ಕ್ಲಬ್ ವಿರುದ್ಧ ಕ್ರಿಸ್ಟಿಯಾನೊ ರೊನಾಲ್ಡೊ ಸುಮಾರು 2.56 ಮೀಟರ್ ಎತ್ತರದಲ್ಲಿ ಚೆಂಡಿಗೆ ತಲೆ ಕೊಟ್ಟಿದ್ದನ್ನು ಜಗತ್ತೆಲ್ಲ ನೋಡಿತು. ಎತ್ತರವೂ ಜಿಗಿತವೂ ಕೂಡಿದರೆ ಏನಾಗುತ್ತದೆ ಎಂಬುದಕ್ಕೆ ಅದು ಉದಾಹರಣೆ.

ನಮಗೆ ಇನ್ನೂ ಹತ್ತಿರದ ನಿದರ್ಶನವಿದೆ. ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಸುಮಾರು 1.70 ಮೀಟರ್ ಎತ್ತರದವರು. ಅಂತರರಾಷ್ಟ್ರೀಯ ನಿವೃತ್ತಿಯಿಂದ ಮರಳಿ ಬಂದು 2025ರ ಮಾರ್ಚ್‌ನಲ್ಲಿ ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ ಅವರು ಹೊಡೆದ ಗೋಲು ಹೆಡರ್. ಆಗ ಅವರಿಗೆ ನಲವತ್ತು ವರ್ಷ. ಆ ಗೋಲನ್ನು ಮತ್ತೆ ನೋಡಿದರೆ ಜಿಗಿತಕ್ಕಿಂತ ಮೊದಲು ಕಾಣುವುದು ಅವರು ನಿಂತ ಜಾಗ. ಮೈದಾನದ ಅಂಚಿನಿಂದ ಕ್ರಾಸ್ ಬರುವ ಮೊದಲೇ ಡಿಫೆಂಡರ್‌ನ ಕಣ್ಣು ತಪ್ಪಿಸಿ ಗೋಲಿನ ಹತ್ತಿರದ ಖಾಲಿ ಜಾಗಕ್ಕೆ ಜಾರಿಕೊಂಡವನಿಗೆ ಎದುರಾಳಿಗಿಂತ ಮೇಲೆ ಹಾರಬೇಕಾದ ಅಗತ್ಯವೇ ಬೀಳುವುದಿಲ್ಲ. ಜಂಪಿಂಗ್ ರೀಚ್ ಎಂಬ ಅಂಕ ಈ ಗೋಲನ್ನು ವಿವರಿಸಲಾರದು. ಚೆಂಡಿಲ್ಲದಾಗಿನ ಚಲನೆ, ನಿರೀಕ್ಷಣೆ ಎಂಬ ಮಾನಸಿಕ ಅಂಕಗಳು ವಿವರಿಸಬೇಕು. ಫುಟ್‌ಬಾಲ್ ಮ್ಯಾನೇಜರ್‌ನಲ್ಲಿ ಅವೆರಡೂ ಇವೆ ಎಂಬುದು ಅದರ ಹೆಚ್ಚುಗಾರಿಕೆ.

ದೇಹಬಲ ಮತ್ತು ಸಮತೋಲನದ ಬಗ್ಗೆ ಒಂದೆರಡು ಮಾತು ಸಾಕು. ಇಂಗ್ಲೆಂಡಿನ ಕೆಳ ವಿಭಾಗಗಳಲ್ಲಿ ಬಹುಕಾಲ ಆಡಿ 2022ರಲ್ಲಿ ನಿವೃತ್ತರಾದ ಅಡೆಬಾಯೊ ಅಕಿನ್‌ಫೆನ್ವಾ ಫಿಫಾ ಆಟಗಳ ಬಲದ ಪಟ್ಟಿಯಲ್ಲಿ ವರ್ಷಗಟ್ಟಲೆ ಮುಂಚೂಣಿಯಲ್ಲಿದ್ದರು. ಆಟದಿಂದಾಗಿಯೇ ಅವರ ಹೆಸರು ಕೇಳಿದವರು ನಮ್ಮಲ್ಲೂ ಸಾಕಷ್ಟು ಮಂದಿ. ಆದರೆ ಅವರ ಒಟ್ಟು ರೇಟಿಂಗ್ ದೊಡ್ಡ ತಾರೆಯರ ಹತ್ತಿರಕ್ಕೂ ಬರಲಿಲ್ಲ. ಒಂದು ಗುಣದಲ್ಲಿ ಶಿಖರ ಮುಟ್ಟಿದವನು ಆಟಗಾರನಾಗಿ ಸಾಧಾರಣನಾಗಿರಬಹುದು ಎಂಬುದನ್ನು ಗೇಮ್ ಇಲ್ಲಿ ಪ್ರಾಮಾಣಿಕವಾಗಿಯೇ ತೋರಿಸಿತು. ಅತ್ತ ಲಯೊನೆಲ್ ಮೆಸ್ಸಿ ಅವರಂಥ ಗಿಡ್ಡ ಮೈಕಟ್ಟಿನವರು ತಳ್ಳಾಟದಲ್ಲೂ ಬೀಳದಿರುವುದು ಬಲದಿಂದಲ್ಲ, ಗುರುತ್ವಕೇಂದ್ರ ನೆಲಕ್ಕೆ ಹತ್ತಿರವಿರುವುದರಿಂದ. ಈ ಕೆಲಸವನ್ನು ಗೇಮ್‌ನಲ್ಲಿ ಸಮತೋಲನ, ಚುರುಕುತನದ ಅಂಕಗಳು ಮಾಡುತ್ತವೆ. ಸ್ಟ್ಯಾಮಿನಾ ಪಂದ್ಯದ ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ತನ್ನ ಬೆಲೆ ತೋರಿಸುತ್ತದೆ; ದಮ್ಮು ಕಟ್ಟಿದವನ ಉಳಿದ ಅಂಕಗಳು ಕಾಗದದ ಮೇಲೆ ಹಾಗೆಯೇ ಇದ್ದರೂ ಮೈದಾನದಲ್ಲಿ ಕುಸಿಯುತ್ತವೆ. ಸಹಜ ಫಿಟ್ನೆಸ್ ಎಂಬುದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಪಂದ್ಯದಿಂದ ಪಂದ್ಯಕ್ಕೆ ಚೇತರಿಸಿಕೊಳ್ಳುವುದು, ಮೂವತ್ತು ದಾಟಿದ ಮೇಲೂ ಓಟ ಉಳಿಸಿಕೊಳ್ಳುವುದು ಇದನ್ನೇ ಬಹುಮಟ್ಟಿಗೆ ಅವಲಂಬಿಸಿದೆ. ಮೂರು ನಾಲ್ಕು ಋತುಗಳ (ಲೀಗ್ ಸೀಸನ್‌ಗಳ) ಯೋಜನೆ ಹಾಕುವವರು ಮೊದಲು ನೋಡಬೇಕಾದ ಅಂಕ ಇದು.

ಇಷ್ಟೆಲ್ಲ ಹೇಳಿದ ಮೇಲೂ, ಈ ಆಟಗಳಲ್ಲಿ ವೇಗವಿರುವ ತಂಡ ಸಾಮಾನ್ಯವಾಗಿ ಗೆಲ್ಲುತ್ತದೆ ಎಂಬ ಲೇಖಕರ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ. ಫುಟ್‌ಬಾಲ್ ಮ್ಯಾನೇಜರ್‌ನ ಉತ್ಸಾಹಿಗಳು ಇದನ್ನು ಪರೀಕ್ಷಿಸಿಯೂ ನೋಡಿದ್ದಾರೆ. ಒಂದೇ ತಂಡದ ಎಲ್ಲ ಆಟಗಾರರ ಒಂದೊಂದೇ ಗುಣವನ್ನು ಏರಿಸುತ್ತ ಇಳಿಸುತ್ತ, ಉಳಿದದ್ದನ್ನು ಹಾಗೆಯೇ ಬಿಟ್ಟು, ಋತುಗಳ ಮೇಲೆ ಋತು ಓಡಿಸಿ ಪಾಯಿಂಟ್ ಎಣಿಸುವ ಪ್ರಯೋಗಗಳವು. ಅವುಗಳಲ್ಲಿ ಮತ್ತೆ ಮತ್ತೆ ಮೇಲೆ ಬಂದದ್ದು ವೇಗೋತ್ಕರ್ಷ ಮತ್ತು ಗರಿಷ್ಠ ವೇಗ. ಹೀಗೇಕೆ ಎಂಬುದೇ ನನ್ನ ಪತ್ರದ ಮುಖ್ಯ ವಿಷಯ.

ನನಗೆ ತೋರುವ ಉತ್ತರ ಇದು. ದೇಹ ಕಂಪ್ಯೂಟರ್‌ಗೆ ಸುಲಭವಾಗಿ ಅರ್ಥವಾಗುತ್ತದೆ, ಬುದ್ಧಿ ಆಗುವುದಿಲ್ಲ. ಚೆಂಡು ಇಲ್ಲಿದೆ, ಇಬ್ಬರು ಆಟಗಾರರು ಅಲ್ಲಿದ್ದಾರೆ, ಯಾರು ಮೊದಲು ತಲುಪುತ್ತಾರೆ ಎಂಬುದು ದೂರ ಮತ್ತು ವೇಗದ ನೇರ ಲೆಕ್ಕ. ಅದರಲ್ಲಿ ತಪ್ಪುವ ಸಂಭವ ಕಡಿಮೆ. ಪಂದ್ಯದ ಪ್ರತಿ ಕ್ಷಣವೂ ಆ ಲೆಕ್ಕ ನಡೆಯುತ್ತಲೇ ಇರುತ್ತದೆ. ಪಾಸ್ ಕೊಡಬೇಕೋ ಬೇಡವೋ, ಕೊಟ್ಟರೆ ಯಾರಿಗೆ, ಎದುರಾಳಿ ಇನ್ನೆರಡು ಕ್ಷಣಗಳಲ್ಲಿ ಎಲ್ಲಿರುತ್ತಾನೆ ಎಂಬ ವಿವೇಚನೆಯನ್ನು ಹೀಗೆ ಸೂತ್ರಕ್ಕಿಳಿಸುವುದು ಬಹಳ ಕಷ್ಟ. 'ನಿರ್ಧಾರ' ಎಂಬ ಗುಣಕ್ಕೆ 18 ಅಂಕ ಕೊಡಬಹುದು, ಆದರೆ ಆ ಹದಿನೆಂಟು ಮೈದಾನದಲ್ಲಿ ಏನು ಮಾಡುತ್ತದೆ ಎಂಬುದು, ಒಳ್ಳೆಯ ನಿರ್ಧಾರವೆಂದರೆ ಏನೆಂದು ಸಾಫ್ಟ್‌ವೇರ್ ಬರೆದವರಿಗೆ ಎಷ್ಟು ಹೊಳೆದಿದೆಯೋ ಅಷ್ಟೇ. ಮೇಲಾಗಿ, ಬುದ್ಧಿವಂತ ಆಟಗಾರ ಸರಿಯಾದ ಜಾಗವನ್ನು ಗುರುತಿಸಿದರೂ ಅಲ್ಲಿಗೆ ತಲುಪಬೇಕಾದದ್ದು ಕಾಲುಗಳೇ. ವೇಗ ಎಲ್ಲ ಸನ್ನಿವೇಶಗಳಲ್ಲೂ ತನ್ನ ಸುಂಕ ವಸೂಲು ಮಾಡುತ್ತದೆ, ಬುದ್ಧಿ ಕೆಲವು ಸನ್ನಿವೇಶಗಳಲ್ಲಿ ಮಾತ್ರ.

ಕೈಯಾರೆ ಆಡುವ ಆಟಗಳಲ್ಲಿ ಈ ವಾಲಿಕೆ ಇನ್ನೂ ಹೆಚ್ಚು, ಅದಕ್ಕೆ ಬೇರೊಂದು ಕಾರಣವಿದೆ. ಅಲ್ಲಿ ಪರದೆಯ ಮೇಲಿನ ಮಿಡ್‌ಫೀಲ್ಡರ್‌ನ ಬುದ್ಧಿ ಕಂಟ್ರೋಲರ್ ಹಿಡಿದವನ ಬುದ್ಧಿ. ಬೆಲ್ಜಿಯಂನ ಮಿಡ್‌ಫೀಲ್ಡರ್ ಕೆವಿನ್ ಡಿ ಬ್ರೂಯ್ನೆ ಮೈದಾನದಲ್ಲಿ ಯಾರಿಗೂ ಕಾಣದ ಪಾಸನ್ನು ಕಾಣುತ್ತಾರೆ ಎಂಬುದು ಅವರ ದೊಡ್ಡತನ. ಆದರೆ ಗೇಮ್‌ನಲ್ಲಿ ಆ ಪಾಸನ್ನು ಕಾಣಬೇಕಾದವನು ಸೋಫಾದ ಮೇಲೆ ಕುಳಿತ ಹುಡುಗ. ಅವನಿಗೆ ಕಾಣದಿದ್ದರೆ ಡಿ ಬ್ರೂಯ್ನೆಗೂ ಕಾಣದು. ಕಂಡರೆ ಪಾಸ್ ಗುರಿ ಮುಟ್ಟುವುದರಲ್ಲಷ್ಟೇ ಅವರ ಅಂಕ ನೆರವಾಗುತ್ತದೆ. ಅಂದರೆ ಆಟಗಾರನ ತಲೆ ಬಹುಪಾಲು ಮನೆಯಲ್ಲೇ ಉಳಿದು, ಆಟಕ್ಕೆ ಬರುವುದು ಮೈ ಮತ್ತು ಕಾಲಿನ ಕಸುಬು ಮಾತ್ರ. ಫ್ರಾನ್ಸಿನ ಸ್ಟ್ರೈಕರ್ ಕಿಲಿಯನ್ ಎಂಬಾಪೆ ಅವರ 97 ಪೇಸ್ ಅಂಕಕ್ಕೆ ಇಷ್ಟು ಬೇಡಿಕೆ ಇರುವುದಕ್ಕೆ ಇದೇ ಕಾರಣ. ಬುದ್ಧಿಯನ್ನು ನಾವೇ ಒದಗಿಸಬಲ್ಲೆವು, ಕಡಿಮೆಯೋ ಹೆಚ್ಚೋ. ವೇಗವನ್ನು ಬೆರಳುಗಳಿಂದ ಒದಗಿಸಲಾರೆವು.

ಈ ಅಂಕಗಳನ್ನು ಕೊಡುವವರು ಯಾರು ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು. ಫುಟ್‌ಬಾಲ್ ಮ್ಯಾನೇಜರ್‌ಗೆ ದೇಶ ದೇಶಗಳಲ್ಲಿ ಪಂದ್ಯ ನೋಡಿ ಅಂಕ ಕೊಡುವ ದೊಡ್ಡದೊಂದು ಪಡೆಯೇ ಇದೆ. ಅವರ ಕೆಲಸವನ್ನು ಹಗುರವಾಗಿ ಕಾಣುವಂತಿಲ್ಲ. 2008ರಲ್ಲಿ ಇಂಗ್ಲೆಂಡಿನ ಎವರ್ಟನ್ ಕ್ಲಬ್ ಆಟಗಾರರ ಶೋಧಕ್ಕಾಗಿ ಈ ದತ್ತಾಂಶವನ್ನು ಬಳಸುವ ಒಪ್ಪಂದ ಮಾಡಿಕೊಂಡಿತ್ತು. ಆದರೂ ಅಂಕ ಕೊಡುವವರು ಮನುಷ್ಯರು. ಕಣ್ಣಿಗೆ ಬೀಳುವುದು ಓಟ ಮತ್ತು ಮೈಕಟ್ಟು. ವಿವೇಚನೆ ಕಣ್ಣಿಗೆ ಬೀಳುವುದಿಲ್ಲ. ಯುರೋಪಿನ ನಾಲ್ಕು ಪ್ರಮುಖ ಲೀಗ್‌ಗಳ 80 ಪಂದ್ಯಗಳ ಇಂಗ್ಲಿಷ್ ಕಾಮೆಂಟರಿಯನ್ನು ಪರಿಶೀಲಿಸಿ, ಇಂಗ್ಲೆಂಡಿನ ವೃತ್ತಿಪರ ಆಟಗಾರರ ಸಂಘದ ಸಹಯೋಗದಲ್ಲಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕಪ್ಪು ಮೈಬಣ್ಣದವರನ್ನು ಹೊಗಳುವಾಗ ಬಲ ಮತ್ತು ವೇಗದ ಮಾತು ಹೆಚ್ಚಾಗಿ ಬರುತ್ತದೆ, ಬಿಳಿಯರನ್ನು ಹೊಗಳುವಾಗ ಬುದ್ಧಿಯ ಮಾತು ಬರುತ್ತದೆ ಎಂದು ತೋರಿಸಿತು. ಅಂಕ ಕೊಡುವವರಲ್ಲೂ ಇಂಥ ಕಾಮೆಂಟರಿ ಕೇಳುತ್ತ ಪಂದ್ಯ ನೋಡುವವರಿರಬಹುದು. ಅವರ ಅಂಕಗಳಲ್ಲಿ ಈ ದೋಷ ಇದ್ದೇ ಇದೆ ಎಂದು ನಾನು ಹೇಳುತ್ತಿಲ್ಲ. ಅದನ್ನು ಕೇಳಿ ನೋಡುವುದು ಕ್ರೀಡಾ ಪತ್ರಕರ್ತರ ಕೆಲಸ ಎನ್ನುತ್ತಿದ್ದೇನೆ. ನಮ್ಮ ಇಂಡಿಯನ್ ಸೂಪರ್ ಲೀಗ್ ಫಿಫಾ 22ರಲ್ಲಿ ಸೇರ್ಪಡೆಯಾದಾಗ ಬೆಂಗಳೂರು ಎಫ್‌ಸಿಯನ್ನು ಆಡಿಸಬಹುದೆಂಬ ಸಂಭ್ರಮವನ್ನು ಪತ್ರಿಕೆಗಳು ವರದಿ ಮಾಡಿದವು. ನಮ್ಮ ಹುಡುಗರಿಗೆ ಆ ಅಂಕಗಳು ಹೇಗೆ ಬಂದವು ಎಂದು ಕೇಳಿದವರು ಕಡಿಮೆ.

ಮಹಿಳಾ ಆಟಗಾರರ ವಿಷಯದಲ್ಲಿ ಅಂಕದ ಅರ್ಥವೇ ಅಲುಗಾಡುತ್ತದೆ. ಇಎ ಸ್ಪೋರ್ಟ್ಸ್ ಎಫ್‌ಸಿ 24ರಲ್ಲಿ, ಕಾರ್ಡುಗಳನ್ನು ಕೂಡಿಸಿ ನಮ್ಮದೇ ತಂಡ ಕಟ್ಟುವ ಅಲ್ಟಿಮೇಟ್ ಟೀಮ್ ವಿಭಾಗದಲ್ಲಿ ಪುರುಷರು ಮತ್ತು ಮಹಿಳೆಯರು ಒಂದೇ ತಂಡದಲ್ಲಿ ಆಡುವಂತಾಯಿತು. ಸ್ಪೇನಿನ ಅಲೆಕ್ಸಿಯಾ ಪುಟೆಯಸ್ ಮತ್ತು ಎಂಬಾಪೆ ಇಬ್ಬರಿಗೂ 91 ರೇಟಿಂಗ್ ಇತ್ತು. ಮಹಿಳಾ ಫುಟ್‌ಬಾಲ್‌ನ ಒಳಗೆ ಪುಟೆಯಸ್‌ಗೆ ಸಲ್ಲಬೇಕಾದ ಗೌರವವೇ ಅದು, ಸಂದೇಹವಿಲ್ಲ. ಆದರೆ ಮಹಿಳಾ ಲೀಗ್‌ನ ಅಳತೆಯಲ್ಲಿ ಕೊಟ್ಟ ವೇಗದ ಅಂಕವನ್ನು ಪುರುಷರ ಅಳತೆಯಲ್ಲಿ ಕೊಟ್ಟ ಅಂಕದ ಪಕ್ಕದಲ್ಲಿಟ್ಟು ಒಂದೇ ಸೂತ್ರದಿಂದ ಓಡಿಸಿದಾಗ, ಅದು ಮೀಟರು ಸೆಕೆಂಡುಗಳ ಅಳತೆಯಾಗಿ ಉಳಿಯುವುದಿಲ್ಲ. ಅವರವರ ಲೀಗ್‌ನಲ್ಲಿ ಅವರವರ ಸ್ಥಾನವನ್ನು ಹೇಳುವ ಗುರುತಾಗುತ್ತದೆ. ಅದಕ್ಕೆ ನನ್ನ ತಕರಾರಿಲ್ಲ, ನನ್ನ ವಿದ್ಯಾರ್ಥಿನಿಯರು ಅದರಿಂದ ಖುಷಿಪಟ್ಟಿದ್ದಾರೆ. ಸಿಮ್ಯುಲೇಶನ್, ಅಂದರೆ ನಿಜವಾದ ಆಟದ ಅನುಕರಣೆ, ಎಂಬ ಹೆಸರಿನಲ್ಲಿ ಮಾರುವಾಗ ಇಷ್ಟನ್ನು ತಿಳಿಸಬೇಕಿತ್ತು.

ಶಿಕ್ಷಕನಾಗಿ ನನ್ನ ಕಳವಳ ಸಣ್ಣದು, ಆದರೆ ದಿನವೂ ಎದುರಾಗುವಂಥದ್ದು. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಒಂದೇ ತರಗತಿಯ ಇಬ್ಬರು ಹುಡುಗರ ದೇಹದ ಬೆಳವಣಿಗೆಯಲ್ಲಿ ಎರಡು ಮೂರು ವರ್ಷಗಳಷ್ಟು ಅಂತರವಿರುವುದು ಸಾಮಾನ್ಯ. ಆ ವಯಸ್ಸಿನಲ್ಲಿ ಹಿಂದೆ ಬಿದ್ದ ಹುಡುಗ ತನಗೆ ತಾನೇ ಐವತ್ತು ಪೇಸ್ ಎಂದು ಅಂಕ ಕೊಟ್ಟುಕೊಂಡು ಗೋಲ್‌ಕೀಪರ್ ಕೈಗವಸು ಕೇಳುತ್ತಾನೆ. ಅವನ ಪಾಸ್ ಚೆನ್ನಾಗಿದೆಯೆಂದು ನಾನು ಹೇಳಿದರೆ, ಸರ್, ಸ್ಲೋ ಪ್ಲೇಯರ್‌ಗಳನ್ನು ಯಾರೂ ತಗೊಳ್ಳಲ್ಲ ಎನ್ನುತ್ತಾನೆ. ಗೇಮ್‌ನ ಮಾರುಕಟ್ಟೆಯಲ್ಲಿ ಅವನ ಮಾತು ಸರಿಯಾಗಿಯೇ ಇದೆ.

ಹೊಸ ಆವೃತ್ತಿ ಬಂದಾಗ ತಮ್ಮ ಲೇಖಕರು ಒಂದು ಪ್ರಯೋಗ ಮಾಡಲೆಂದು ಕೋರುತ್ತೇನೆ. ಫುಟ್‌ಬಾಲ್ ಮ್ಯಾನೇಜರ್‌ನ ಎಡಿಟರ್ ಎಂಬ ಸಾಧನ ಬಳಸಿ, ಒಂದೇ ತಂಡದ ಎರಡು ಪ್ರತಿ ಮಾಡಿಕೊಳ್ಳಲಿ: ಒಂದರಲ್ಲಿ ಎಲ್ಲರ ವೇಗೋತ್ಕರ್ಷ ಮತ್ತು ಗರಿಷ್ಠ ವೇಗವನ್ನು ಮೂರು ಅಂಕ ಇಳಿಸಿ ಪಾಸಿಂಗ್ ಮತ್ತು ನಿರ್ಧಾರಗಳನ್ನು ಮೂರು ಅಂಕ ಏರಿಸಲಿ, ಇನ್ನೊಂದನ್ನು ಹಾಗೆಯೇ ಬಿಡಲಿ. ತಂತ್ರವನ್ನು ಬದಲಿಸದೆ ಎರಡನ್ನೂ ಹಲವು ಋತುಗಳ ಕಾಲ ಓಡಿಸಿ, ಬಂದ ಪಾಯಿಂಟ್‌ಗಳ ಪಟ್ಟಿಯನ್ನು ಪ್ರಕಟಿಸಲಿ. ಅದಕ್ಕೆ ಜಾಗ ಸಾಲದಿದ್ದರೆ ಹುಲ್ಲಿನ ಹೊಳಪು ಮತ್ತು ಆಟಗಾರರ ಕೇಶವಿನ್ಯಾಸವನ್ನು ವರ್ಣಿಸುವ ಎರಡು ಪ್ಯಾರಾಗಳನ್ನು ಕೈಬಿಡಬಹುದು.

ಇತಿ ತಮ್ಮ ವಿಶ್ವಾಸಿ,
ಒಬ್ಬ ದೈಹಿಕ ಶಿಕ್ಷಣ ಶಿಕ್ಷಕ
ಬೆಂಗಳೂರು